ಆಹಾರಜನ್ಯ ರೋಗ ಸರ್ವೇಕ್ಷಣೆ: ಯಾದಗಿರಿ ಸೀಮೆಯ ಖರ್ಚು ಮತ್ತು ಫಲ

ಅನ್ನ, ನೀರಿನಿಂದ ಹರಡುವ ವಾಂತಿ-ಭೇದಿ, ಕಾಲರಾ, ವಿಷಮಶೀತ ಜ್ವರದಂಥ ಕಾಯಿಲೆಗಳನ್ನು ನಿರಂತರವಾಗಿ ದಾಖಲಿಸುತ್ತ, ಸಂಖ್ಯೆ ಏರಿದೊಡನೆ ಮೂಲ ಪತ್ತೆಹಚ್ಚಿ ತಡೆಯುವ ವ್ಯವಸ್ಥೆಯೇ ಆಹಾರಜನ್ಯ ರೋಗ ಸರ್ವೇಕ್ಷಣೆ. ಸಂಬಳ, ಪ್ರಯೋಗಾಲಯ, ವಾಹನಗಳ ಖರ್ಚು ಕಡತದಲ್ಲಿರುತ್ತದೆ. ಬಾರದೆ ಹೋದ ಕಾಯಿಲೆಯ ಉಳಿತಾಯ ಯಾವ ಕಡತದಲ್ಲೂ ಜಮೆಯಾಗುವುದಿಲ್ಲ.

ಈ ಲೆಕ್ಕಾಚಾರಕ್ಕೆ ಹಳೆಯ ಉದಾಹರಣೆ ನಾರುಹುಣ್ಣು. ಮೆಟ್ಟಿಲುಬಾವಿಯ ನೀರಿನಿಂದ ಬರುತ್ತಿದ್ದ ಈ ರೋಗ ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳಲ್ಲಿತ್ತು. 1980ರ ದಶಕದಲ್ಲಿ ಆರಂಭವಾದ ರಾಷ್ಟ್ರೀಯ ನಿರ್ಮೂಲನಾ ಕಾರ್ಯಕ್ರಮದಲ್ಲಿ ಆರೋಗ್ಯ ಸಿಬ್ಬಂದಿ ಮನೆಮನೆ ತಿರುಗಿ ರೋಗಿಗಳನ್ನು ಹುಡುಕಿದರು. ದೇಶದ ಕೊನೆಯ ಪ್ರಕರಣ 1996ರ ಜುಲೈನಲ್ಲಿ ರಾಜಸ್ಥಾನದಲ್ಲಿ ಕಂಡಿತು. ಹುಡುಕಾಟ ಅಲ್ಲಿಗೆ ನಿಲ್ಲಲಿಲ್ಲ. ಒಬ್ಬ ರೋಗಿಯೂ ಸಿಗದ ವರ್ಷಗಳಲ್ಲೂ ಹಣ ವ್ಯಯಿಸಿದ್ದರಿಂದಲೇ 2000ದಲ್ಲಿ ಭಾರತ ರೋಗಮುಕ್ತವೆಂಬ ಮಾನ್ಯತೆ ಪಡೆಯಿತು.

2004ರಲ್ಲಿ ಸಮಗ್ರ ರೋಗ ಸರ್ವೇಕ್ಷಣಾ ಯೋಜನೆ ಶುರುವಾದಾಗ ಮೊದಲ ಹಂತದಲ್ಲೇ ಕರ್ನಾಟಕ ಸೇರಿತು. ಉಪಕೇಂದ್ರದ ಆರೋಗ್ಯ ಕಾರ್ಯಕರ್ತೆ ಲಕ್ಷಣಗಳನ್ನು, ವೈದ್ಯರು ಶಂಕಿತ ರೋಗವನ್ನು, ಪ್ರಯೋಗಾಲಯ ಖಚಿತ ಫಲಿತಾಂಶವನ್ನು ವಾರಕ್ಕೊಮ್ಮೆ ವರದಿ ಮಾಡಬೇಕಿತ್ತು. 2009ರ ಕೊನೆಯಲ್ಲಿ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳು ಕಲಬುರಗಿಯಿಂದ ಬೇರ್ಪಟ್ಟು ಯಾದಗಿರಿ ಎಂಬ ಹೊಸ ಜಿಲ್ಲೆಯಾದವು. 2018ರಿಂದ ಕರ್ನಾಟಕದಲ್ಲಿ ಕಾಗದದ ಜಾಗಕ್ಕೆ ಆನ್‌ಲೈನ್ ವರದಿ ಬರತೊಡಗಿತು.

ವರದಿ ಚುರುಕಾದರೂ ಕುಡಿಯುವ ನೀರಿನ ಕೊಳವೆ ಸೋರುವುದು ನಿಲ್ಲುವುದಿಲ್ಲ. 2022ರ ಅಕ್ಟೋಬರ್‌ನಲ್ಲಿ ಇದೇ ಜಿಲ್ಲೆಯ ಶಹಾಪುರ ತಾಲ್ಲೂಕಿನ ಹೋತಪೇಟೆ, 2023ರ ಫೆಬ್ರುವರಿಯಲ್ಲಿ ಗುರುಮಠಕಲ್ ತಾಲ್ಲೂಕಿನ ಅನಪುರ ಗ್ರಾಮಗಳಲ್ಲಿ ಕಲುಷಿತ ನೀರು ಕುಡಿದು ಅನೇಕರು ವಾಂತಿ-ಭೇದಿಯಿಂದ ನರಳಿದರು, ಸಾವುಗಳೂ ಸಂಭವಿಸಿದವು.

ಶಾಲೆಯ ಬಿಸಿಯೂಟ ಇನ್ನೊಂದು ಕಾವಲುನೆಲೆ. ಅಕ್ಷರ ದಾಸೋಹ ಯೋಜನೆ 2002ರಲ್ಲಿ ಆರಂಭವಾದದ್ದೇ ಅಂದಿನ ಗುಲ್ಬರ್ಗಾ ಸೇರಿದ ಏಳು ಉತ್ತರದ ಜಿಲ್ಲೆಗಳಲ್ಲಿ. 2013ರಲ್ಲಿ ಬಿಹಾರದ ಸಾರಣ್ ಜಿಲ್ಲೆಯಲ್ಲಿ ಕೀಟನಾಶಕ ಬೆರೆತ ಊಟದಿಂದ 23 ಮಕ್ಕಳು ಸತ್ತರು. ಬಡಿಸುವ ಮೊದಲು ಶಿಕ್ಷಕರೂ ಸೇರಿ ದೊಡ್ಡವರು ರುಚಿ ನೋಡಬೇಕೆಂಬುದು ಬಿಸಿಯೂಟದ ಮಾರ್ಗಸೂಚಿಗಳಲ್ಲಿದೆ. ಇದಕ್ಕೆ ಬಿಡಿಗಾಸೂ ಬೇಡ. ಆದರೆ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯದ ವಿಷಕ್ಕೆ ರುಚಿಯಿಲ್ಲ, ಮತ್ತೆ ಕುದಿಸಿದರೂ ಅದು ಹೋಗುವುದಿಲ್ಲ. ಅದನ್ನು ಹಿಡಿಯಲು ಪ್ರಯೋಗಾಲಯವೇ ಬೇಕು.

ಲಾಭದ ಅಂದಾಜು ಹೆಚ್ಚಾಗಿ ಅಮೆರಿಕದಲ್ಲಿ ನಡೆದಿದೆ. ಕೊಲರಾಡೊ ರಾಜ್ಯದ ಇ. ಕೋಲಿ ಸರ್ವೇಕ್ಷಣೆ ವರ್ಷಕ್ಕೆ ಐದು ಪ್ರಕರಣ ತಪ್ಪಿಸಿದರೂ ಹಾಕಿದ ಹಣ ಹಿಂದಿರುಗುತ್ತದೆಂದು 2000ದ ಅಧ್ಯಯನ ಹೇಳಿತು. ಬ್ಯಾಕ್ಟೀರಿಯಗಳ ವಂಶಗುರುತು ಹೋಲಿಸುವ ಪಲ್ಸ್‌ನೆಟ್ ಜಾಲ ವರ್ಷಕ್ಕೆ ಸುಮಾರು 2.7 ಲಕ್ಷ ಪ್ರಕರಣಗಳನ್ನು ತಪ್ಪಿಸುತ್ತದೆಂದು 2016ರಲ್ಲಿ ಅಂದಾಜಿಸಲಾಯಿತು.

ಈ ಅಂಕಿಗಳನ್ನು ಹಾಗೆಯೇ ಯಾದಗಿರಿಗೆ ಅನ್ವಯಿಸಲಾಗದು. ಅಮೆರಿಕದಲ್ಲಿ ದುಬಾರಿ ಆಸ್ಪತ್ರೆ ವೆಚ್ಚ ಉಳಿಯುವುದೂ ಲಾಭದ ಲೆಕ್ಕಕ್ಕೆ ಸೇರುತ್ತದೆ. ಇಲ್ಲಿ ಹತ್ತಿ ಬಿಡಿಸುವ ಕೂಲಿಯವರು ಕಳೆದುಕೊಳ್ಳುವ ದಿನಗೂಲಿ ರಶೀದಿಯಿಲ್ಲದ ನಷ್ಟ. ಜೊತೆಗೆ ರೋಗದ ಎಣಿಕೆಯಲ್ಲೂ ತೊಡಕುಗಳಿವೆ. ಆ್ಯಂಟಿಬಯೊಟಿಕ್ ಕೊಟ್ಟ ಮೇಲೆ ಮಲದ ಮಾದರಿ ತೆಗೆದರೆ ರೋಗಾಣು ಸಿಗುವ ಸಾಧ್ಯತೆ ಕುಗ್ಗುತ್ತದೆ. ಖಾಸಗಿಯಾಗಿ ಚಿಕಿತ್ಸೆ ಪಡೆದವರು ಎಷ್ಟೋ ಸಲ ಎಣಿಕೆಗೆ ಬರುವುದಿಲ್ಲ. ಬೆಂಗಳೂರು, ಪುಣೆ, ಮುಂಬೈಗೆ ದುಡಿಯಲು ಗುಳೆ ಹೋದವರ ಕಾಯಿಲೆ ಆ ಊರುಗಳ ಲೆಕ್ಕಕ್ಕೆ ಸೇರುತ್ತದೆ. ಹೀಗಾಗಿ ಜಿಲ್ಲೆಯ ವರದಿಯಲ್ಲಿ ರೋಗದ ಹೊರೆಯೂ ಅದನ್ನು ತಡೆದುದರ ಲಾಭವೂ ವಾಸ್ತವಕ್ಕಿಂತ ಕಡಿಮೆಯಾಗಿಯೇ ಕಾಣುತ್ತವೆ.