ತಡೆದು ಕೊಲ್ಲುವ ವಿಷ

2015ರ ಜೂನ್. ಮುಂಬಯಿಯ ಮಲಾಡ್ ಪಶ್ಚಿಮದ ಮಾಲ್ವಣಿಯಲ್ಲಿ ಅಗ್ಗದ ಕಳ್ಳಭಟ್ಟಿ ಕುಡಿದು 100ಕ್ಕೂ ಹೆಚ್ಚು ಮಂದಿ ಸತ್ತರು. ಹೆಚ್ಚಿನವರು ಕೂಲಿನಾಲಿ ಮಾಡುವವರು. ಬದುಕಿದವರಲ್ಲಿ ಕೆಲವರು ದೃಷ್ಟಿ ಕಳೆದುಕೊಂಡರು.

ಸಾರಾಯಿಯಲ್ಲಿದ್ದದ್ದು ಮೆಥನಾಲ್. ಯಕೃತ್ತು ಅದನ್ನು ನಿಧಾನವಾಗಿ ಫಾರ್ಮಿಕ್ ಆಮ್ಲವಾಗಿಸುತ್ತದೆ; ಕಣ್ಣಿನ ನರವನ್ನು ಕೆಡಿಸುವುದು ಈ ಆಮ್ಲ. ಹಾಗಾಗಿ ಕುಡಿದವನು ಎಂದಿನಂತೆ ಮನೆಗೆ ಹೋಗಿ ಮಲಗಬಲ್ಲ. ಮರುದಿನದ ವಾಂತಿ, ಮಂಜುಗಣ್ಣುಗಳನ್ನು ಇಳಿಯದ ಅಮಲು ಎಂದುಕೊಳ್ಳುವುದು ಸುಲಭ.

ಮಳೆಗಾಲದ ಕಾಡಣಬೆಯದೂ ಇದೇ ಮೋಸ. ತಿಂದ ಒಂದೆರಡು ಗಂಟೆಯಲ್ಲೇ ವಾಂತಿ ಬರಿಸುವ ಅಣಬೆ ಕೊಲ್ಲುವುದು ಅಪರೂಪ. ‘ಡೆತ್ ಕ್ಯಾಪ್’ ಮಾತ್ರ 6 ಗಂಟೆಗೂ ಹೆಚ್ಚು ಕಾಲ ಸುಮ್ಮನಿರುತ್ತದೆ. ಆಮೇಲೆ ವಾಂತಿಭೇದಿ, ಅದು ನಿಂತು ರೋಗಿ ಚೇತರಿಸಿಕೊಂಡಂತೆ ಕಾಣುವ ಹೊತ್ತಿಗೆ ಯಕೃತ್ತು ಸೋಲುತ್ತಿರುತ್ತದೆ.

ಮೆಥನಾಲ್‌ಗೆ ಮದ್ದುಂಟು: ಫೊಮೆಪಿಜೋಲ್ ಅಥವಾ ಎಥನಾಲ್, ಜೊತೆಗೆ ಡಯಾಲಿಸಿಸ್. ಆದರೆ ಆಮ್ಲ ಏರುವ ಮೊದಲೇ ಆಸ್ಪತ್ರೆ ಮುಟ್ಟಬೇಕು. ಕದ್ದು ಕುಡಿದವನು ಪೊಲೀಸರಿಗೆ ಹೆದರಿ ಬಾಯಿಬಿಡದಿದ್ದರೆ ಆ ಹೊತ್ತು ಕೈತಪ್ಪುತ್ತದೆ.

ಮಾಲ್ವಣಿ ಪ್ರಕರಣದಲ್ಲಿ 4 ಮಂದಿ ಅಪರಾಧಿಗಳೆಂದು ನ್ಯಾಯಾಲಯ ಹೇಳಿದ್ದು 2024ರಲ್ಲಿ. ಸತ್ತವರ ಮನೆಗಳು ಅದಕ್ಕಾಗಿ ಕಾದದ್ದು 9 ವರ್ಷ.