ಪಡಿತರ ಚೀಟಿಯಿಂದ ರಿಯಾಯಿತಿ ಕೂಪನ್‌ವರೆಗೆ

ಗವಿಪುರಂನಲ್ಲಿರುವ ನಮ್ಮ ಮನೆಯ ಅಟ್ಟವನ್ನು ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಸ್ವಚ್ಛ ಮಾಡಲು ಹತ್ತಿದಾಗ ಎರಡು ವಸ್ತುಗಳು ಒಟ್ಟಿಗೇ ಕೈಗೆ ಸಿಕ್ಕವು. ಒಂದು, ಬಟ್ಟೆ ಒಗೆಯುವ ಸೋಪಿನ ಪುಡಿಯ ಪೊಟ್ಟಣಗಳ ರಾಶಿ. ಇನ್ನೊಂದು, ತೀರಿಕೊಂಡ ನಮ್ಮ ದಾದಿಯ ತಗಡಿನ ಡಬ್ಬಿ. ಸೋಪಿನ ಪುಡಿ ಅಮ್ಮಿಯ ಸಂಗ್ರಹ. ಐದು ಪೊಟ್ಟಣಗಳ ಕೂಪನ್ ಕತ್ತರಿಸಿ ಕೊಟ್ಟರೆ ಒಂದು ಸ್ಟೀಲ್ ಬಟ್ಟಲು ಎಂದು ಯಾವುದೋ ಕಂಪನಿ ಸಾರಿತ್ತು. ಒಂದು ಬಟ್ಟಲು ಬಂದಿತು. ಒಂದೇ ಬಟ್ಟಲು ಇಟ್ಟುಕೊಂಡು ಏನು ಮಾಡುವುದು? ಆರು ಇದ್ದರೆ ತಾನೇ ಒಂದು ಜೊತೆ! ಹೀಗೆ ಮೂವತ್ತು ಪೊಟ್ಟಣಗಳು ಮನೆ ಸೇರಿದವು. ತಿಂಗಳಿಗೆ ಒಂದು ಪೊಟ್ಟಣ ಸಾಕಾಗುವ ಮನೆ ನಮ್ಮದು. ಅಟ್ಟಕ್ಕೆ ನೀರು ಜಿನುಗಿ ಹನ್ನೆರಡು ಪೊಟ್ಟಣಗಳು ಕಲ್ಲಾಗಿದ್ದವು. "ಬಟ್ಟಲು ಪುಕ್ಕಟೆ ಬಂತಲ್ಲ" ಎಂದು ಅಮ್ಮಿ ಸಮಾಧಾನ ಹೇಳಿಕೊಂಡರು.

ದಾದಿಯ ಡಬ್ಬಿಯಲ್ಲಿ ಮಡಿಕೆಗಳು ಹರಿದ ಹಳೆಯ ಪಡಿತರ ಚೀಟಿಯೊಂದಿತ್ತು. ಅದೂ ದಿನಸಿಯ ಕಾಗದವೇ, ಅಟ್ಟದ ಮೇಲಿನ ರಾಶಿಗೆ ಕಾರಣವಾದದ್ದೂ ದಿನಸಿಯ ಕಾಗದವೇ. ಮೊದಲನೆಯದು "ಇದಕ್ಕಿಂತ ಹೆಚ್ಚು ಕೊಳ್ಳಬೇಡ" ಎನ್ನುತ್ತಿತ್ತು, ಎರಡನೆಯದು "ಇನ್ನೂ ಒಂದಿಷ್ಟು ಕೊಳ್ಳು" ಎನ್ನುತ್ತಿದೆ. ಎರಡು ತಲೆಮಾರುಗಳ ಅಂತರದಲ್ಲಿ ಒಂದು ಚೂರು ಕಾಗದ ಹೇಗೆ ತನ್ನ ಮಾತನ್ನು ತಿರುಗಿಸಿತು ಎಂಬುದೇ ಈ ಲೇಖನದ ವಿಷಯ.

ಮೊದಲು ಪದಗಳನ್ನು ನೋಡೋಣ. ಭಾಷೆ ಕಲಿಸುವವರಿಗೆ ಈ ಚಟ ಬಿಡದು. 'ಕೂಪನ್' ಎಂಬುದು ಫ್ರೆಂಚ್ ಭಾಷೆಯಲ್ಲಿ ಕತ್ತರಿಸು ಎಂಬ ಅರ್ಥದ ಕ್ರಿಯಾಪದದಿಂದ ಬಂದದ್ದು. ನಮ್ಮ 'ಪಡಿತರ'ದಲ್ಲಿರುವ 'ಪಡಿ' ಎಂದರೆ ಧಾನ್ಯದ ಅಳತೆ, ದಿನಕ್ಕೆ ಇಷ್ಟೆಂದು ಅಳೆದು ಕೊಡುವ ದವಸ. ದೇವಾಲಯಗಳ ನಿತ್ಯದ ಖರ್ಚಿಗೆ ಗೊತ್ತುಪಡಿಸಿದ ದವಸಕ್ಕೂ ಪಡಿತರವೆಂದೇ ಹೆಸರಿತ್ತು. ಉರ್ದುವಿನಲ್ಲಿ ಮಿತವ್ಯಯಕ್ಕೆ 'ಕಿಫಾಯತ್' ಎನ್ನುತ್ತೇವೆ. ಅದರ ಅರಬ್ಬಿ ಮೂಲದ ಅರ್ಥ 'ಸಾಕಾಗುವುದು'. ಕಡಿಮೆ ಬೆಲೆ ಎಂಬ ಅರ್ಥ ಅದಕ್ಕೆ ಆಮೇಲೆ ಅಂಟಿಕೊಂಡದ್ದು.

ಎರಡನೇ ಮಹಾಯುದ್ಧದಲ್ಲಿ 1942ರಲ್ಲಿ ಬರ್ಮಾ ಜಪಾನೀಯರ ವಶವಾದೊಡನೆ ಅಲ್ಲಿಂದ ಭಾರತಕ್ಕೆ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಮರುವರ್ಷ ಬಂಗಾಳದಲ್ಲಿ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡ ಕ್ಷಾಮ ಬಂದಿತು. 1943ರಲ್ಲೇ ಮುಂಬಯಿಯಲ್ಲಿ ಪಡಿತರ ಪದ್ಧತಿ ಆರಂಭವಾಯಿತು. ಅದೇ ವರ್ಷ ಸರ್ಕಾರ ನೇಮಿಸಿದ್ದ ಆಹಾರಧಾನ್ಯ ನೀತಿ ಸಮಿತಿ, ಒಂದು ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲೆಲ್ಲ ಪಡಿತರ ಬರಬೇಕೆಂದು ಶಿಫಾರಸು ಮಾಡಿತು. ಅಕ್ಕಿಯ ಅಭಾವ ಬೆಂಗಳೂರಿಗೂ ತಟ್ಟಿತು. 1924ರಲ್ಲಿ ಆರಂಭವಾಗಿದ್ದ ಎಂ.ಟಿ.ಆರ್. ಹೋಟೆಲಿನವರು ಆ ದಿನಗಳಲ್ಲಿ ಅಕ್ಕಿಯ ಬದಲಿಗೆ ರವೆ ಹಾಕಿ ಇಡ್ಲಿ ಬೇಯಿಸಿ ನೋಡಿದರು. ಇಂದು ನಾವು ಬಾಯಿ ಚಪ್ಪರಿಸಿ ತಿನ್ನುವ ರವೆ ಇಡ್ಲಿ ಆ ಕೊರತೆಯ ಕೂಸು.

ದಾದಿ ಆಗ ಹತ್ತು ವರ್ಷದ ಹುಡುಗಿ, ಚಾಮರಾಜಪೇಟೆಯ ವಾಸಿ. ಬೆಳಗಿನ ನಮಾಜಿನ ಹೊತ್ತಿಗೇ ಚೀಲ ಹಿಡಿದು ಸಾಲಿನಲ್ಲಿ ನಿಲ್ಲುವುದು ಮನೆಯ ಮಕ್ಕಳ ಕೆಲಸವಾಗಿತ್ತಂತೆ. ಅಕ್ಕಿ ಸಾಲದ ಮನೆಯವರು ತಮ್ಮ ಪಾಲಿನ ಸಕ್ಕರೆಯನ್ನು ಪಕ್ಕದ ಮನೆಗೆ ಕೊಟ್ಟು ಅಕ್ಕಿ ತರುತ್ತಿದ್ದರು. ರೊಟ್ಟಿ ತಿನ್ನುವವರು ಅನ್ನ ಉಣ್ಣುವವರೊಡನೆ ಗೋಧಿ ಬದಲಾಯಿಸಿಕೊಳ್ಳುತ್ತಿದ್ದರು. ಕಾನೂನಿನ ಕಣ್ಣಿನಲ್ಲಿ ಇದು ಸರಿಯೋ ತಪ್ಪೋ, ಎರಡು ಮನೆಗಳ ಒಲೆ ಉರಿಯುತ್ತಿತ್ತು. ಆದರೆ ಸತ್ತವರ ಹೆಸರನ್ನು ಚೀಟಿಯಿಂದ ತೆಗೆಸದೆ, ಊರು ಬಿಟ್ಟು ಹೋದವರ ಪಾಲನ್ನೂ ತಂದು ಕಾಳಸಂತೆಗೆ ಹಾಕುತ್ತಿದ್ದವರೂ ಇದ್ದರು ಎಂದು ದಾದಿ ಹೇಳುತ್ತಿದ್ದರು. ಚೀಟಿ ಒಂದೇ, ಸಾಲು ಒಂದೇ. ಒಬ್ಬರು ಅದನ್ನು ಅಗತ್ಯಕ್ಕೆ ಹೊಂದಿಸಿಕೊಂಡರು, ಇನ್ನೊಬ್ಬರು ಅದನ್ನೇ ದಂಧೆ ಮಾಡಿಕೊಂಡರು.

ಈ ನಿಯಂತ್ರಣ ಬೇಕೇ ಬೇಡವೇ ಎಂಬ ಚರ್ಚೆ ಸ್ವಾತಂತ್ರ್ಯ ಬಂದೊಡನೆ ಜೋರಾಯಿತು. ಗಾಂಧೀಜಿಯವರ ಒತ್ತಾಯದಿಂದ 1947ರ ಡಿಸೆಂಬರಿನಲ್ಲಿ ನಿಯಂತ್ರಣ ಸಡಿಲಿಸಲಾಯಿತು. ಬೆಲೆಗಳು ಏರಿದವು, 1948ರಲ್ಲಿ ಮತ್ತೆ ನಿಯಂತ್ರಣ ಬಂದಿತು. 1952ರಲ್ಲಿ ಆಹಾರ ಮಂತ್ರಿಯಾದ ರಫಿ ಅಹ್ಮದ್ ಕಿದ್ವಾಯಿ ಅವರು ಒಂದೊಂದಾಗಿ ಕಟ್ಟುಗಳನ್ನು ಬಿಚ್ಚಿ, 1954ರ ಹೊತ್ತಿಗೆ ಧಾನ್ಯ ವ್ಯಾಪಾರವನ್ನು ಮುಕ್ತಗೊಳಿಸಿದರು. ಅಭಾವದ ಭಯವೇ ಜನರನ್ನು ಬಚ್ಚಿಡಲು ಪ್ರೇರೇಪಿಸುತ್ತದೆ, ಆ ಭಯ ಹೋದರೆ ಬಚ್ಚಿಟ್ಟ ಧಾನ್ಯ ತಾನಾಗಿ ಹೊರಬರುತ್ತದೆ ಎಂಬ ನಂಬಿಕೆ ಅದರ ಹಿಂದಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಅವರು ನಿಧನರಾದರು. ಒಳ್ಳೆಯ ಮಳೆ ಬೆಳೆಯೂ ಅವರ ಕೈ ಹಿಡಿದಿತ್ತು ಎಂಬುದನ್ನು ಮರೆಯಬಾರದು, ಏಕೆಂದರೆ 1960ರ ದಶಕದ ಬರಗಾಲಗಳಲ್ಲಿ ದೇಶ ಮತ್ತೆ ಅಮೆರಿಕದ ಪಿ.ಎಲ್. 480 ಗೋಧಿಗೆ ಕೈ ಚಾಚಿತು. 1965ರಲ್ಲಿ ಭಾರತ ಆಹಾರ ನಿಗಮ ಹುಟ್ಟಿತು, ನ್ಯಾಯಬೆಲೆ ಅಂಗಡಿ ನಮ್ಮ ಬೀದಿಗಳ ಖಾಯಂ ಸದಸ್ಯನಾಯಿತು.

ಹಾಗಾದರೆ ಆ ಕಾಲದಲ್ಲಿ ರಿಯಾಯಿತಿಯೇ ಇರಲಿಲ್ಲವೇ? ಇತ್ತು. ಅದರ ಹೆಸರು 'ಕೊಸರು'. ಕಾರ್ತಿಕ ಮಾಸದ ಕೊನೆಯ ಸೋಮವಾರದಂದು ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಬಳಿ ನಡೆಯುವ ಕಡಲೆಕಾಯಿ ಪರಿಷೆಗೆ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸೇರು ತುಂಬಿ ಚೀಲಕ್ಕೆ ಸುರಿದ ಮೇಲೆ "ಸ್ವಲ್ಪ ಕೊಸರು ಹಾಕಪ್ಪ" ಎಂದರೆ ಮಾರುವವನು ಒಂದು ಹಿಡಿ ಹೆಚ್ಚಿಗೆ ಹಾಕುತ್ತಾನೆ. ತಿಂಗಳ ವರ್ತನೆಯ ದಿನಸಿ ಅಂಗಡಿಯವರೂ ಹಾಗೆಯೇ. ಲೆಕ್ಕ ಚುಕ್ತಾ ಮಾಡಿದ ದಿನ ಮಗುವಿನ ಕೈಗೆ ಒಂದು ಚೂರು ಬೆಲ್ಲ. ಇಲ್ಲೊಂದು ಸೂಕ್ಷ್ಮವಿದೆ. ಕೊಸರು ಸಿಗುತ್ತಿದ್ದದ್ದು ಬೇಕಾದ್ದನ್ನು ಕೊಂಡ ಮೇಲೆ. ಅದಕ್ಕಾಗಿ ಯಾರೂ ಮೂವತ್ತು ಸೇರು ಕಡಲೆಕಾಯಿ ಕೊಳ್ಳಲಿಲ್ಲ.

ಕೊಳ್ಳುವ ಮೊದಲೇ ಕೊಸರನ್ನು ಅಚ್ಚು ಹಾಕಿಸಿ ಕೈಗಿಡುವ ಉಪಾಯ ಬಲಿತದ್ದು ಅಮೆರಿಕದಲ್ಲಿ. 1880ರ ದಶಕದ ಕೊನೆಯಲ್ಲಿ ಕೋಕಾ ಕೋಲಾದವರು ಒಂದು ಲೋಟ ಪಾನೀಯ ಉಚಿತವೆಂಬ ಚೀಟಿಗಳನ್ನು ಹಂಚಿದರು. ರುಚಿ ಹತ್ತಿದವರು ಎರಡನೆಯ ಲೋಟಕ್ಕೆ ದುಡ್ಡು ಕೊಟ್ಟರು. 1930ರ ದಶಕದ ಆರ್ಥಿಕ ಕುಸಿತದ ದಿನಗಳಲ್ಲಿ ಇಂಥ ಕೂಪನ್‌ಗಳು ಬಡ ಸಂಸಾರಗಳಿಗೆ ನಿಜಕ್ಕೂ ಆಸರೆಯಾದವು. ಆದರೆ 2010-11ರಲ್ಲಿ ಅಲ್ಲಿನ ಟಿ.ವಿ.ಯಲ್ಲಿ ಬಂದ ಒಂದು ಕಾರ್ಯಕ್ರಮ ಕೂಪನ್ ಹುಚ್ಚನ್ನೇ ತಮಾಷೆಯಾಗಿ ತೋರಿಸಿತು. ರಾಶಿ ಕೂಪನ್ ಹಿಡಿದು ಅಂಗಡಿಯ ಕಪಾಟನ್ನೇ ಬರಿದು ಮಾಡುವ, ಮನೆಯ ಗ್ಯಾರೇಜಿನಲ್ಲಿ ನೂರಾರು ಟೂತ್‌ಪೇಸ್ಟ್ ಜೋಡಿಸಿಡುವ ಜನ. ಹಿಂದೆ ನಿಂತವರಿಗೆ ಸಾಮಾನು ಇಲ್ಲ. 2012ರಲ್ಲಿ ಅರಿಜೋನಾದ ಫೀನಿಕ್ಸ್ ನಗರದಲ್ಲಿ ಖೋಟಾ ಕೂಪನ್ ಜಾಲವೊಂದನ್ನು ಪೊಲೀಸರು ಹಿಡಿದರು. 2021ರಲ್ಲಿ ವರ್ಜೀನಿಯಾದ ಗೃಹಿಣಿಯೊಬ್ಬರಿಗೆ ಮೂರು ಕೋಟಿ ಡಾಲರಿಗೂ ಮೀರಿದ ಖೋಟಾ ಕೂಪನ್ ವಂಚನೆಗಾಗಿ 12 ವರ್ಷ ಸೆರೆವಾಸವಾಯಿತು. ನಮ್ಮ ಕಾಳಸಂತೆಯ ಪಡಿತರ ಚೀಟಿ ನೆನಪಾಗುವುದಿಲ್ಲವೇ?

ನಮ್ಮ ದೇಶದ ಕಾನೂನು ಈ ಉಪಾಯವನ್ನು ಬೇಗನೆ ಅನುಮಾನಿಸಿತು. 1984ರಲ್ಲಿ ಏಕಸ್ವಾಮ್ಯ ನಿಯಂತ್ರಣ ಕಾಯಿದೆಗೆ ತಿದ್ದುಪಡಿ ತಂದು, ಕೊಡುವ ಉದ್ದೇಶವಿಲ್ಲದೆ ಬಹುಮಾನ ಸಾರುವುದನ್ನು ಅನುಚಿತ ವ್ಯಾಪಾರ ಪದ್ಧತಿ ಎಂದು ಕರೆಯಲಾಯಿತು. ವಸ್ತುವಿನ ಬೆಲೆಯಲ್ಲೇ ಉಡುಗೊರೆಯ ಖರ್ಚನ್ನು ಪೂರ್ತಿಯಾಗಿಯೋ ಭಾಗಶಃವೋ ಸೇರಿಸಿ, ಅದನ್ನು ಪುಕ್ಕಟೆ ಎಂದು ನಂಬಿಸುವುದೂ ಇದರಲ್ಲಿ ಸೇರಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲೂ ಈ ಮಾತಿದೆ. ಅಮ್ಮಿಗೆ ಇದನ್ನು ಓದಿ ಹೇಳಿದೆ. "ಕಾಯಿದೆ ಗೊತ್ತಿದ್ದವಳು ಮೊದಲೇ ಹೇಳಬಾರದಿತ್ತೇ?" ಎಂದರು.

ನನಗೇನೂ ಹೇಳುವ ಅರ್ಹತೆ ಇರಲಿಲ್ಲ. 1999ರಲ್ಲಿ ನಾನು ಮೂರನೆಯ ತರಗತಿ. ಇಂಗ್ಲೆಂಡಿನಲ್ಲಿ ವಿಶ್ವಕಪ್ ಕ್ರಿಕೆಟ್. ಬ್ರಿಟಾನಿಯಾ ಬಿಸ್ಕತ್ತಿನ ಪೊಟ್ಟಣಗಳ ಮೇಲೆ ಇಷ್ಟಿಷ್ಟು ರನ್ ಎಂದು ಅಚ್ಚಾಗಿರುತ್ತಿತ್ತು. ನೂರು ರನ್ ಕೂಡಿಸಿ ಕೊಟ್ಟರೆ ಒಂದು ಪುಸ್ತಿಕೆ; ಅದರಲ್ಲಿ ಉಜ್ಜಿ ನೋಡುವ ಜಾಗ; ಅದೃಷ್ಟವಿದ್ದರೆ ವಿಶ್ವಕಪ್ ನೋಡಲು ಪ್ರಯಾಣ. ಆ ವಯಸ್ಸಿನ ಮಕ್ಕಳು ಬೀದಿಯಲ್ಲಿ ಬಿದ್ದ ಹೊದಿಕೆಗಳನ್ನೂ ಬಿಡುತ್ತಿರಲಿಲ್ಲ. ನಾನೂ ಆಯ್ದೆ, ಊಟ ಬಿಟ್ಟು ಬಿಸ್ಕತ್ತು ತಿಂದು ಬೈಸಿಕೊಂಡೆ. ಒಂದು ಹೊದಿಕೆ ದಾದಿಯ ಡಬ್ಬಿಯಲ್ಲಿ ಇನ್ನೂ ಇತ್ತು.

ಆ ಬಳಿಕ ಕೂಪನ್‌ಗಳ ಮಳೆಯೇ ಸುರಿಯಿತು. ಸಾಫ್ಟ್‌ವೇರ್ ಕಂಪನಿಗಳು ನೌಕರರಿಗೆ ಕೊಡುತ್ತಿದ್ದ ಊಟದ ಕೂಪನ್ ಪುಸ್ತಕಗಳನ್ನು ದಿನಸಿ ಅಂಗಡಿಗಳೂ ಸ್ವೀಕರಿಸತೊಡಗಿದವು. ರಿಜರ್ವ್ ಬ್ಯಾಂಕಿನ ನಿಯಮದಂತೆ 2017ರ ಕೊನೆಗೆ ಕಾಗದದ ರೂಪ ನಿಂತು ಕಾರ್ಡು ಬಂದಿತು. 2006ರ ಗಣರಾಜ್ಯ ದಿನದಂದು ಬಿಗ್ ಬಜಾರಿನ ರಿಯಾಯಿತಿ ಮಾರಾಟಕ್ಕೆ ದೇಶದ ಹಲವೆಡೆ ಜನ ಮುಗಿಬಿದ್ದರು. ಈಗ ಕೂಪನ್ ಕಾಗದವೂ ಅಲ್ಲ, ಮೊಬೈಲಿನಲ್ಲಿ ಒತ್ತುವ ನಾಲ್ಕಾರು ಅಕ್ಷರ. ಕತ್ತರಿ ಹಿಡಿಯುವ ಶ್ರಮವೂ ಇಲ್ಲದ್ದರಿಂದ ಯೋಚಿಸುವ ಆ ಒಂದು ನಿಮಿಷವೂ ಇಲ್ಲ.

ಆದರೆ ಎಲ್ಲರ ಪಾಲಿಗೆ ಕೂಪನ್ ಎಂದರೆ ರಿಯಾಯಿತಿಯ ಆಟವಲ್ಲ. 2016ರಲ್ಲಿ, ಯು.ಟಿ. ಖಾದರ್ ಅವರು ಆಹಾರ ಸಚಿವರಾಗಿದ್ದಾಗ, ಬೆಂಗಳೂರಿನ ಪಡಿತರಕ್ಕೆ ಕೂಪನ್ ಪದ್ಧತಿ ತರಲಾಯಿತು. ಸೇವಾ ಕೇಂದ್ರದಲ್ಲಿ ಹೆಬ್ಬೆರಳು ಒತ್ತಿ ಕೂಪನ್ ಪಡೆದು, ಅದನ್ನು ನ್ಯಾಯಬೆಲೆ ಅಂಗಡಿಗೆ ಕೊಡಬೇಕು. ಖೋಟಾ ಕಾರ್ಡುಗಳ ಹೆಸರಿನಲ್ಲಿ ಅಕ್ಕಿ ಸೋರಿಹೋಗುವುದನ್ನು ತಡೆಯುವುದು ಉದ್ದೇಶ. ಉದ್ದೇಶ ಸರಿಯಾದದ್ದೇ. ಆದರೆ ಒಂದು ಸಾಲಿನ ಜಾಗದಲ್ಲಿ ಎರಡು ಸಾಲುಗಳಾದವು. ನನ್ನ ತರಗತಿಯ ಹುಡುಗಿಯೊಬ್ಬಳು ತಿಂಗಳಿಗೊಂದು ದಿನ ಶಾಲೆಗೆ ಬರುತ್ತಿರಲಿಲ್ಲ. ಕೇಳಿದರೆ, "ಅಮ್ಮಿ ಕೂಲಿ ಬಿಟ್ಟು ಕೂಪನ್ನಿಗೆ ಹೋಗ್ತಾರೆ ಮಿಸ್, ತಮ್ಮನ್ನ ನೋಡ್ಕೋಬೇಕು" ಎಂದಳು. ಆ ಅಕ್ಕಿಯ ಬೆಲೆಯಲ್ಲಿ ಒಂದು ದಿನದ ಕೂಲಿಯನ್ನೂ ಒಂದು ದಿನದ ಪಾಠವನ್ನೂ ಸೇರಿಸಿ ಲೆಕ್ಕ ಹಾಕಿದವರಾರು? ಮುಂದೆ ಅಂಗಡಿಯಲ್ಲೇ ಬೆರಳು ಒತ್ತುವ ಯಂತ್ರಗಳು ಬಂದವು, ಕೂಪನ್ ಮರೆಯಾಯಿತು.

ನಾನು ಮತ್ತು ಅಮ್ಮಿ ಒಂದು ಭಾನುವಾರ ಕುಳಿತು ಸೋಪಿನ ಪುಡಿಯ ಲೆಕ್ಕ ಮಾಡಿದೆವು. ಕಲ್ಲಾದ ಹನ್ನೆರಡು ಪೊಟ್ಟಣ, ತಲಾ 95 ರೂಪಾಯಿಯಂತೆ 1140. ಅಂಥ ಆರು ಬಟ್ಟಲುಗಳಿಗೆ ಗಾಂಧಿಬಜಾರಿನ ಪಾತ್ರೆ ಅಂಗಡಿಯವರು ಹೇಳಿದ್ದು 480. ಪೊಟ್ಟಣದ ಮೇಲೆ ಈಗ ಗ್ರಾಮಿಗೆ ಅಥವಾ ಕಿಲೋಗೆ ಎಷ್ಟು ಬೆಲೆ ಎಂದೂ ಅಚ್ಚಾಗಿರುತ್ತದೆ. ಅದನ್ನು ಓದಿದ್ದರೆ, ಬಟ್ಟಲಿಲ್ಲದ ಬೇರೆ ಪುಡಿ ಅಗ್ಗವೆಂಬುದು ಅಂಗಡಿಯಲ್ಲೇ ತಿಳಿಯುತ್ತಿತ್ತು. ಅಮ್ಮಿ ಏನೂ ಮಾತಾಡಲಿಲ್ಲ. ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂಬದಿಯಲ್ಲಿ ತಿಂಗಳ ಸಾಮಾನಿನ ಪಟ್ಟಿ ಬರೆದರು. ಕೈಲಿದ್ದ ಕೂಪನ್‌ಗಳಲ್ಲಿ ಪಟ್ಟಿಯಲ್ಲಿದ್ದ ಪದಾರ್ಥಗಳವನ್ನು ಮಾತ್ರ ಇಟ್ಟುಕೊಂಡರು: ಎಣ್ಣೆಯದೊಂದು, ಚಹಾ ಪುಡಿಯದೊಂದು. ಆ ತಿಂಗಳು ಎರಡರಿಂದ 55 ರೂಪಾಯಿ ಉಳಿಯಿತು.

ಕಲ್ಲಾದ ಪುಡಿಯನ್ನು ಅಮ್ಮಿ ಎಸೆಯಲು ಬಿಡಲಿಲ್ಲ. ಸುತ್ತಿಗೆಯಿಂದ ಕುಟ್ಟಿ, ಬಿಸಿನೀರಿನಲ್ಲಿ ಕದಡಿ, ಜಗಲಿ ತೊಳೆಯಲು ಬಳಸುತ್ತಿದ್ದಾರೆ. ಬಟ್ಟಲುಗಳು ಗಟ್ಟಿಮುಟ್ಟಾಗಿಯೇ ಇವೆ. ರಮ್ಜಾನಿನಲ್ಲಿ ಇಫ್ತಾರಿನ ಗಂಜಿಯನ್ನು ಅವುಗಳಲ್ಲೇ ಬಡಿಸಿದೆವು. ಮನೆಯಲ್ಲಿ ಇರುವುದು ನಾಲ್ಕೇ ಜನ. ಎರಡು ಬಟ್ಟಲು ಪಕ್ಕದ ಮನೆಗೆ ಹೋದವು.