ಕೆಮ್ಮು-ಜ್ವರದ ಲೆಕ್ಕ

ಕೆನಡಾದಲ್ಲಿ ಕೆಮ್ಮು-ಜ್ವರದ ಲೆಕ್ಕ ಇಡುವ ಪದ್ಧತಿ ಬೆಳೆದದ್ದು ಸಾವುಗಳ ಬೆನ್ನಿಗೇ. 1918ರ ಫ್ಲೂ ಮಾರಿಗೆ ಇಲ್ಲಿ ಸುಮಾರು 50,000 ಜನ ಬಲಿಯಾದರು. ಆಗ ಒಟ್ಟಾವಾದಲ್ಲಿ ಆರೋಗ್ಯ ಇಲಾಖೆಯೇ ಇರಲಿಲ್ಲ; ಅದು ಹುಟ್ಟಿದ್ದು 1919ರಲ್ಲಿ. ದೇಶಕ್ಕೆಲ್ಲ ಒಂದೇ ಲೆಕ್ಕವಾಗಿ 'ಫ್ಲೂವಾಚ್' ಬಂದದ್ದು 1996ರಲ್ಲಿ. ಸ್ವಇಚ್ಛೆಯಿಂದ ಸೇರಿದ ವೈದ್ಯರು ತಮ್ಮಲ್ಲಿಗೆ ಬಂದ ರೋಗಿಗಳೆಷ್ಟು, ಅವರಲ್ಲಿ ಜ್ವರ-ಕೆಮ್ಮಿನವರೆಷ್ಟು ಎಂದು ಬರೆದು ಕಳಿಸುವರು. ವೈರಸ್ ಯಾವುದೆಂದು ಪ್ರಯೋಗಾಲಯಗಳು ಹೇಳುವವು.

ಆದರೆ ಗೊತ್ತಿರುವ ವೈರಸ್ಸನ್ನು ಎಣಿಸುವುದು ಬೇರೆ, ಹೊಸದನ್ನು ಗುರುತಿಸುವುದು ಬೇರೆ. ಹಾಂಗ್‌ಕಾಂಗ್‌ನಿಂದ ಮರಳಿದ್ದ ವೃದ್ಧೆಯೊಬ್ಬರು 2003ರ ಮಾರ್ಚ್ 5ರಂದು ನಮ್ಮ ಸ್ಕಾರ್ಬರೋದಲ್ಲಿ, ಮನೆಯಲ್ಲೇ ತೀರಿಕೊಂಡರು. ಹೃದಯಾಘಾತವೆಂದು ಬರೆದರು, ಅದು ಸಾರ್ಸ್. ಸೋಂಕು ತಗಲಿದ್ದ ಮಗ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಗಂಟೆಗಟ್ಟಲೆ ಇದ್ದರು. ರೋಗ ಅಲ್ಲಿಂದ ಹರಡಿತು. ಒಟ್ಟು 44 ಸಾವು, ಅವರಲ್ಲಿ ಇಬ್ಬರು ದಾದಿಯರು, ಒಬ್ಬ ವೈದ್ಯರು. ಪ್ರಾಂತಕ್ಕೂ ಒಟ್ಟಾವಾಕ್ಕೂ ನಡುವೆ ಮಾಹಿತಿ ಸರಿಯಾಗಿ ಹರಿಯಲಿಲ್ಲವೆಂದು ಡೇವಿಡ್ ನೇಲರ್ ಸಮಿತಿ ಅದೇ ವರ್ಷ ವರದಿ ಮಾಡಿತು. 2004ರಲ್ಲಿ ಸಾರ್ವಜನಿಕ ಆರೋಗ್ಯಕ್ಕೆಂದೇ ಕೇಂದ್ರದ ಪ್ರತ್ಯೇಕ ಸಂಸ್ಥೆಯಾಯಿತು. ಫ್ಲೂ ಲೆಕ್ಕವೂ ಅದರ ಪಾಲಾಯಿತು.

ಊರಿನಿಂದ ಬಂದ ನಿಮ್ಮ ಅಪ್ಪ-ಅಮ್ಮ ಕೆಮ್ಮುತ್ತಾ ಬಂದರೆ, ವೈದ್ಯರಾದ ನಾವು ಮದ್ದಿಗೆ ಮೊದಲು "ವಿಮಾನ ಇಳಿದದ್ದು ಯಾವತ್ತು?" ಎಂದು ಕೇಳುವುದು ಇದಕ್ಕೇ.